ಕರಿಬಸಪ್ಪನ ಗಾಡಿಯ ಎರಡನೇ ಚಾವಿ

ನನ್ನ ಬಾಯಾಗ ಮಣ್ಣ ಬೀಳಲಿ, ಇಷ್ಟೆಲ್ಲಾ ಆಗಿದ್ದು ಈ ಬಾಯಿಂದ. ನಾ ಸುಲ್ತಾನಾ, ಸಿಂಧನೂರಾಗ ಮನ್ಯಾಗ ಮಷೀನ್ ಇಟ್ಕೊಂಡು ಜಂಪರ್ ಹೊಲೀತೀನಿ. ಹೇಳಾಕತ್ತಿದ್ದು ಬಾಜೂ ಮನಿ ಶಿವಕುಮಾರಿ ವಿಷಯ. ಆಕೀಗೂ ನನಗೂ ನಡುವ ಎದಿಮಟ ಒಂದು ಗ್ವಾಡಿ.

ಶಿವಕುಮಾರಿ ಮುದಗಲ್ಲಿನ ಕಿರಾಣಿ ಅಂಗಡಿಯವರ ಮಗಳು. ಮದಿವಿಗಿಂತ ಮೊದಲ ಅಪ್ಪನ ಮೋಟಾರ್ ಸೈಕಲ್ ಮ್ಯಾಲ ಹಳ್ಳಿ ಹಳ್ಳಿಗೆ ಸಾಮಾನು ಮುಟ್ಟಿಸಿ ಬರಾಕಿ. ಇಲ್ಲಿಗೆ ಬಂದು ಹನ್ನೊಂದು ವರ್ಷ ಆತು. ಗಾಡಿ ಹೊಡಿಯಾಕ ಬರತೈತೇನು ಅಂತ ಗಂಡ ಒಮ್ಮಿನೂ ಕೇಳಲಿಲ್ಲ, ಆಕಿನೂ ಹೇಳಲಿಲ್ಲ. ಗಂಡ ಕರಿಬಸಪ್ಪ ಕುಡಿಯೂದಿಲ್ಲ, ಹೊಡಿಯೂದಿಲ್ಲ, ಮಂದಿ ಮುಂದ ಹೆಂಡ್ತೀನ ಹೊಗಳ್ತಾನ. ಆದ್ರ ಆಕಿ ಹೊಸ್ತಿಲ ದಾಟಬೇಕಂದ್ರ ಅಂವ ಸಂಗಾಟ ಇರಬೇಕು. ಮುಂಜಾನೆ ಎಂಟರ ಬಸ್ಸಿಗೆ ಲಿಂಗಸುಗೂರಿಗೆ ಕೆಲಸಕ್ಕ ಹೋದಾಂವ ಬರೂದು ದೀಪ ಹಚ್ಚೂ ಹೊತ್ತಿಗೆ. ಸ್ವಂತ ಮೋಟಾರ್ ಸೈಕಲ್ ಐತಿ, ಆದ್ರ ಗಾಡಿ ಸವೀತೈತಿ ಅಂತ ಅಂಗಳದಾಗ ಅರಿವಿ ಹೊಚ್ಚಿ ನಿಲ್ಲಿಸ್ತಾನ. ನಿನ್ನೂ ಹಂಗ ಹೊಚ್ಚಿ ಇಟ್ಟಾನಲ್ಲಬೇ ಅಂತ ನಾ ಅಂದ್ರ ಆಕಿ ನಗ್ತಾಳ.

ಆಕೀಗೆ ಒಬ್ಬಾಕಿ ತಂಗಿ, ನಂದಿನಿ. ಭೀಮೇಶ ಅನ್ನೋ ಮಾಸ್ತರನ್ನ ಮೆಚ್ಚಿ ಮದಿವಿ ಆದ್ಲು. ಜಾತಿ ಬ್ಯಾರೆ ಅಂತ ತವರಮನಿಯವರು ಆಕಿ ಹೆಸರ ತಗಿಯೂದ ಬಿಟ್ರು. "ಆ ಮನಿಗೆ ಹೋದ್ರ ಈ ಮನಿ ಬಾಗಲಾ ನಿನಗ ತೆರಿಯೂದಿಲ್ಲ" ಅಂತ ಕರಿಬಸಪ್ಪನೂ ಹೇಳಿಬಿಟ್ಟ. ತಂಗಿ ಇರೂದು ವಳಕಮದಿನ್ನ್ಯಾಗ. ಬಸುರಿ. ತಾಯಿ ಬರಾಂಗಿಲ್ಲ, ಅತ್ತಿ ತೀರಿ ಹೋಗ್ಯಾಳ. ಶಿವಕುಮಾರಿ ಬಸ್ಸಿಗೆ ಹೋದ್ರ ಗಂಡ ಬರೂ ಹೊತ್ತಿನೊಳಗ ತಿರುಗಿ ಬರಾಕ ಆಗೂದಿಲ್ಲ.

ಗಾಡಿ ಹಳೇದು, ಅದರ ಲಾಕ್ ಸವದು ಹೋಗಿತ್ತು. ಒಂದಿನ ಕಸಾ ಹೊಡಿಯುವಾಗ ಶಿವಕುಮಾರಿ ಸುಮ್ನ ಅದಕ್ಕ ಅಲಮಾರಿ ಚಾವಿ ಹಾಕಿ ತಿರುವ್ಯಾಳ, ಗಾಡಿ ಮೀಟರಿನಾಗ ಹಸಿರು ದೀಪ ಹತ್ತೈತಿ. ಅವತ್ತಿಂದ ಮಂಗಳವಾರ ಬಂತಂದ್ರ ನಾ ಹೊಲಿದುಕೊಟ್ಟ ಚೂಡಿದಾರ, ಮ್ಯಾಲ ಗಂಡನ ಅಂಗಿ, ಗಂಡನ ಹೆಲ್ಮೆಟ್. ಕಾಲುವಿ ದಾರಿ ಹಿಡಿದು ಹೋಗಿ, ತಂಗಿ ತಲಿಗೆ ಎಣ್ಣಿ ಹಚ್ಚಿ, ಕುಂಡರಿಸಿ ಉಣ್ಣಿಸಿ, ನಾಕಕ್ಕ ವಾಪಸ್. ಗಾಲಿಗೆ ಹತ್ತಿದ ಗದ್ದಿ ಕೆಸರು ನಾ ತೊಳೀತಿದ್ದೆ.

ಹೋದ ತಿಂಗಳು ಕರಿಬಸಪ್ಪನ ಗೆಳೆಯ ಬಾಬುಸಾಬ್ ಹೇಳ್ಯಾನ, ಮಂಗಳವಾರ ನಿನ್ನ ಗಾಡಿ ವಳಕಮದಿನ್ನಿ ಕಾಲುವಿ ಮ್ಯಾಲ ನೋಡಿದೆ, ಹೆಲ್ಮೆಟ್ ಹಾಕ್ಕೊಂಡಾಂವ ಯಾರೋ ಗೊತ್ತಾಗಲಿಲ್ಲ ಅಂತ. ಕರಿಬಸಪ್ಪ ಸೀದಾ ಗ್ವಾಡಿ ಹತ್ರ ಬಂದ.

"ಸುಲ್ತಾನಕ್ಕಾರ, ಮಂಗಳವಾರ ನಮ್ಮ ಗಾಡಿ ಯಾರರ ಒಯ್ದಿದ್ದು ನೋಡೀರೇನ್ರೀ?"

ಅವನ ಹಿಂದ ನಿಂತಿದ್ದ ಶಿವಕುಮಾರಿ ಮಾರಿ ಬಿಳಚಿತ್ತು. ನನ್ನ ಬಾಯಿ ಓಡಿತು. "ಹೂನ್ರೀ, ಯಾವನೋ ನೂಕ್ಕೊಂಡು ಹೋದ, ಸಂಜೀಮುಂದ ತಂದು ನಿಲ್ಲಿಸಿದ. ನೀವ ಕಳಿಸೀರಿ ಅನ್ಕೊಂಡೆ. ಆ ಲಾಕಿಗೆ ಯಾವ ಚಾವಿ ಹಾಕಿದ್ರೂ ತಿರುಗೀತು ಬಿಡ್ರಿ, ಅಷ್ಟು ಹಳೇದು."

ಹೆಂಡ್ತಿ ಮ್ಯಾಲ ಅನುಮಾನ ಹೋಗಲೇ ಇಲ್ಲ ಅವಗ. ಹೆಂಗ ಹೋದೀತು, ಆಕಿ ಗಾಡಿ ಹೊಡದಾಳು ಅಂಬೂದ ಅವನ ತಲ್ಯಾಗ ಇಲ್ಲ. ಉಳಿಸಿದೆ ಆಕೀನ, ಅಂತ ನಾ ಹಿಗ್ಗಿದೆ.

ಶನಿವಾರ ಅಂವ ಮಸ್ಕ್ಯಾಗ ಬಸ್ ಇಳಿದು ಹೊಸಾ ಲಾಕ್ ತಂದ. ಮಿಸ್ತ್ರಿ ಕಡೆ ಒಯ್ಯಾಂಗಿಲ್ಲ, ತಾನ ಹಾಕಬೇಕು. ಐತವಾರ ಮುಂಜಾನೆ ಫೋನಿನಾಗ ವಿಡಿಯೋ ಹಚ್ಚಿ ಅಂಗಳದಾಗ ಕುಂತ. ಬ್ಯಾಟರಿ ವೈರ್ ಬಿಚ್ಚಿದ, ಹೆಡ್‌ಲೈಟ್ ಬಿಚ್ಚಿದ, ಹ್ಯಾಂಡಲ್ ಕೆಳಗಿನ ಎರಡು ಬೋಲ್ಟ್ ತಗದು ಹಳೇ ಲಾಕ್ ಇಳಿಸಿದ. ಶಿವಕುಮಾರಿ ತಾಟಿನಾಗ ಸ್ಕ್ರೂ ಹಿಡ್ಕೊಂಡು ನಿಂತಿದ್ಲು. ಪಾನಾ ಅಂದ್ರ ಪಾನಾ, ಅರಿವಿ ಅಂದ್ರ ಅರಿವಿ. ತನ್ನ ಬಾಗಲಾ ತಾನ ಮುಚ್ಚಾಕ ಕೈ ಹಚ್ಚಿದ್ಲು. ನನಗ ನೋಡಾಕ ಆಗಲಿಲ್ಲ, ಆದ್ರ ನಿಂತು ನೋಡಿದೆ.

ಎಲ್ಲಾ ಜೋಡಿಸಿ ಹೊಸಾ ಚಾವಿ ತಿರುವಿದ, ದೀಪ ಹತ್ತಲಿಲ್ಲ. ಒಂದು ತಾಸು ಒದ್ದಾಡಿದ. "ಹಾಳಾಗಿ ಹೋಗಲಿ, ಹಳೇದ ಹಾಕಿಬಿಡ್ತೀನಿ" ಅಂದ. ಶಿವಕುಮಾರಿ ನನ್ನ ಕಡೆ ನೋಡಿದ್ಲು. ಹೆಡ್‌ಲೈಟ್ ಹಿಂದಿನ ವೈರಿನ ಸಾಕೆಟ್ ಪೂರಾ ಕುಂತಿರಲಿಲ್ಲ, ಅದು ಆಕೀಗೆ ಆಗಲೇ ಕಂಡಿತ್ತಂತ. ತುಟಿ ಬಿಚ್ಚಲಿಲ್ಲ. ಯಾ ಅಲ್ಲಾ, ಇವನಿಂದ ಆಗದಿರಲಿ ಅಂತ ನಾ ಬೇಡ್ಕೊಂಡೆ. ಅಂವ ಮತ್ತೊಮ್ಮಿ ವಿಡಿಯೋ ನೋಡಿದ, ಹೆಬ್ಬಟ್ಟಿಲೆ ಸಾಕೆಟ್ ಒತ್ತಿದ. ಟಕ್ ಅಂತು. ದೀಪ ಹತ್ತಿತು.

ಬ್ಯಾರೆ ಚಾವಿಗೆ ತಿರುಗತೈತೇನು ಅಂತ ಆಕಿ ಕಡಿಂದ ಅಲಮಾರಿ ಚಾವಿ ಇಸ್ಕೊಂಡು ಹೊಸಾ ಲಾಕಿಗೆ ಹಾಕಿ ನೋಡಿದ. ತಿರುಗಲಿಲ್ಲ. "ನೋಡು, ಇನ್ನ ಯಾ ಮಗನೂ ಮುಟ್ಟಾಂಗಿಲ್ಲ" ಅಂತ ನಕ್ಕ. ಆಕಿನೂ ನಕ್ಕಳು. ಆ ನಗಿ ನೋಡಿ ನನಗ ಅಳು ಬಂತು.

ಹೊಸಾ ಲಾಕಿಗೆ ಎರಡು ಚಾವಿ. ಒಂದನ್ನ ತನ್ನ ಉಡದಾರಕ್ಕ ಕಟ್ಕೊಂಡ. ಇನ್ನೊಂದನ್ನ ಗ್ವಾಡಿ ಮ್ಯಾಲಿಂದ ನನಗ ಚಾಚಿದ. "ಅಕ್ಕಾರ, ಇದು ನಿಮ್ಮ ಕಡೆ ಇರಲಿ. ಕಳ್ಳನ್ನ ನೋಡಿದವರು ನೀವ, ನಿಮ್ಮಷ್ಟು ನಂಬಿಗಸ್ತರು ಯಾರದಾರ. ಈಕಿ ಎಲ್ಲೆರ ಇಟ್ಟು ಮರೀತಾಳ."

ಮಂಗಳವಾರ ಅಂವ ಬಸ್ ಹತ್ತಿದ ಕೂಡ್ಲೆ ಚಾವಿ ಹಿಡ್ಕೊಂಡು ಓಡಿದೆ. "ಹೋಗವ್ವಾ, ತಂಗೀಗೆ ದಿನ ತುಂಬ್ಯಾವ." ಆಕಿ ಕೈ ಚಾಚಿದಾಕಿ ಹಿಂದಕ್ಕ ತಗೊಂಡ್ಲು.

"ಅಕ್ಕಾ, ಈಗ ಗಾಡಿ ಹೊರಗ ಕಂಡ್ರ ಚಾವಿ ಕೊಟ್ಟಾಕಿ ನೀನ ಅಂತ ಗೊತ್ತಾಗತೈತಿ. ಅಂವ ನಿನ್ನ ಮನಿ ಮುಂದ ನಿಂತು ಒದರಿದ್ರ, ನಾಳೆ ಈ ಓಣ್ಯಾಗ ಜಂಪರ್ ಹೊಲಿಸಾಕ ನಿನ್ನ ಕಡೆ ಯಾರ ಬರ್ತಾರ?"

ನನ್ನ ಫಿಕರ್ ನಿನಗ್ಯಾಕ ಅಂತ ಬೈದೆ, ಖರೇನ ಸಿಟ್ಟಿಗೆದ್ದು ಬೈದೆ. ಆಕಿ ಗಾಡಿ ಮ್ಯಾಲಿನ ಅರಿವಿ ಸರಿ ಮಾಡಿ ಒಳಗ ಹೋದ್ಲು. ಆಕಿ ಒಲ್ಲೆ ಅಂದಾಗ ನನಗ ಒಳಗೊಳಗ ಸಮಾಧಾನ ಆಗಿತ್ತು, ಅದನ್ನೂ ಹೇಳಿಬಿಡ್ತೀನಿ. ಬೈದದ್ದು ಅದಕ್ಕ.

ನಂದಿನಿಗೆ ಹೆಣ್ಣು ಹುಟ್ಟಿ ಇವತ್ತಿಗೆ ಹದಿನೆಂಟು ದಿನ. ಶಿವಕುಮಾರಿ ಫೋನಿನಾಗ ಫೋಟೋ ನೋಡ್ಯಾಳ, ಅಷ್ಟ. ಚಾವಿ ನನ್ನ ದಾರದ ಡಬ್ಬ್ಯಾಗ ಐತಿ. ದಿನಾ ಸಂಜೀಕ ಕರಿಬಸಪ್ಪ ಬಸ್ ಇಳಿದು ಬಂದು ಗ್ವಾಡಿ ಹತ್ರ ನಿಂತು ಕೇಳ್ತಾನ, "ಅಕ್ಕಾರ, ಕಳ್ಳ ಮತ್ತ ಬಂದಿದ್ನೇನ್ರೀ?"

"ಇಲ್ರೀ" ಅಂತೀನಿ.