ಹೀರೊ ಇಲ್ಲದ ಚಿತ್ರ

1984ನೇ ಇಸವಿ. ದೇವದುರ್ಗದಲ್ಲಿ ಪಿಯುಸಿ ಮುಗಿಸಿ ನಾನು ಮನೆಯಲ್ಲಿ ಕುಳಿತು ವರ್ಷವಾಗಿತ್ತು. ಕುಳಿತಿದ್ದೆ ಎಂದರೆ ಸುಮ್ಮನೆ ಕುಳಿತಿರಲಿಲ್ಲ, ಸಿಕ್ಕ ಹಾಳೆಯ ಮೇಲೆಲ್ಲ ಚಿತ್ರ ಬರೆಯುತ್ತಿದ್ದೆ. ಗುಲಬರ್ಗಾದ ಚಿತ್ರಕಲಾ ಶಾಲೆಗೆ ಸೇರಬೇಕೆಂಬುದು ನನ್ನ ಹಟ. ಅಲ್ಲಿ ಸೋದರತ್ತೆಯ ಮನೆಯಿತ್ತು, ಉಳಿದುಕೊಳ್ಳಲು ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ನಮ್ಮಪ್ಪನದು.

ಅಪ್ಪ ಬಸಲಿಂಗಪ್ಪನಿಗೆ ಬಸ್ ಸ್ಟ್ಯಾಂಡಿನ ಹತ್ತಿರ ಕಿರಾಣಿ ಅಂಗಡಿ. ಬೆಳಿಗ್ಗೆ ಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತನೆಂದರೆ ಬೆಲ್ಲದ ಜೊತೆಗೆ ಬುದ್ಧಿಮಾತನ್ನೂ ಕಟ್ಟಿಕೊಡುತ್ತಿದ್ದ. ಸಿನಿಮಾ ನೋಡುವವರು ಕೆಲಸಗೇಡಿಗಳು ಎಂಬುದು ಅವನ ಮುಖ್ಯ ಬುದ್ಧಿಮಾತು. ಚಿತ್ರ ಬರೆಯುವವರು ಅವರಿಗಿಂತ ಒಂದು ಕೈ ಹೆಚ್ಚು.

"ಯಪ್ಪಾ, ನನ್ನ ಚಿತ್ರ ಮಂದಿ ರೊಕ್ಕ ಕೊಟ್ಟು ತಗೊಳ್ತಾರ" ಎಂದು ಒಂದು ದಿನ ಸಿಟ್ಟಿನಲ್ಲಿ ಅಂದುಬಿಟ್ಟೆ.

"ಯಾವ ಮಂದಿ? ನಿಮ್ಮತ್ತಿ, ನಿಮ್ಮ ಮಾಮಾ? ಮನಿ ಮಂದಿ ತಗೊಂಡ್ರ ಅದು ಲೆಕ್ಕಕ್ಕಿಲ್ಲ. ಹೊರಗಿನ ಗಿರಾಕಿ ಒಬ್ಬ ನಿನ್ನ ಒಂದ ಚಿತ್ರ ಕೊಂಡು ಒಯ್ಯಲಿ, ನಾನ ನಿನ್ನ ಗುಲಬರ್ಗಾಕ್ಕ ಕಳಸಿ ಬರತೀನಿ" ಎಂದ. ಕೇಳಿಸಿಕೊಳ್ಳಲು ಅಂಗಡಿಯಲ್ಲಿ ನಾಲ್ಕು ಜನ ಇದ್ದರು. ಅಪ್ಪ ಜನರ ಮುಂದೆ ಆಡಿದ ಮಾತು ತಪ್ಪುವವನಲ್ಲ. ನನಗೆ ಅಷ್ಟೇ ಬೇಕಾಗಿತ್ತು.

ಅದೇ ಹೊತ್ತಿಗೆ ರಾಯಚೂರಿನಲ್ಲಿ ಒಬ್ಬ ಸಿನಿಮಾ ನಟನ ಅಭಿಮಾನಿಗಳ ಸಮ್ಮೇಳನ ನಡೆಯುವುದೆಂದು ಗೊತ್ತಾಯಿತು. ನಟನ ಹೆಸರು ಇಲ್ಲಿ ಬೇಡ. ಅಭಿಮಾನಿಗಳು ಇಂದಿಗೂ ಗಟ್ಟಿಮುಟ್ಟಾಗಿದ್ದಾರೆ, ಈ ವಯಸ್ಸಿನಲ್ಲಿ ನನಗೆ ಜಗಳ ಬೇಡ. ಅವರೆಲ್ಲ ಅವನನ್ನು 'ಧಣಿ' ಎನ್ನುತ್ತಿದ್ದರು. ಸಮ್ಮೇಳನದಲ್ಲಿ ಕೈಯಿಂದ ಬರೆದ ಚಿತ್ರಗಳ ಪ್ರದರ್ಶನ ಮತ್ತು ಮಾರಾಟ ಇರುತ್ತದೆ, ಯಾರು ಬೇಕಾದರೂ ತರಬಹುದು, ಮಾರಾಟವಾದರೆ ಸಂಘಕ್ಕೊಂದು ಪಾಲು ಕೊಡಬೇಕು ಎಂದು ಕರಪತ್ರದಲ್ಲಿತ್ತು.

ನಾನೇನು ಆ ನಟನ ಅಭಿಮಾನಿಯಲ್ಲ. ಆದರೂ ಹಲ್ಲು ಕಚ್ಚಿಕೊಂಡು ಅವನ ನಾಲ್ಕು ಚಿತ್ರ ಬರೆದೆ. ಕುದುರೆಯ ಮೇಲೆ ಒಂದು, ಪೊಲೀಸ್ ವೇಷದಲ್ಲಿ ಒಂದು, ರೈತನಾಗಿ ಒಂದು, ಮತ್ತೆ ಬರೀ ಮುಖದ್ದೇ ದೊಡ್ಡದೊಂದು. ಎಲ್ಲವೂ ಜಲವರ್ಣ. ಎಣ್ಣೆಬಣ್ಣ ನನಗೆ ಕಲಿಸಿದವರಿರಲಿಲ್ಲ. ಆ ಮೂಗು, ಆ ಮೀಸೆ ತಿದ್ದಿ ತಿದ್ದಿ ತಲೆ ಚಿಟ್ಟು ಹಿಡಿದಾಗ ನನ್ನ ಖುಷಿಗೆಂದು ಐದನೆಯದು ಬರೆದೆ. ಅದು ನಮ್ಮೂರ ಟೂರಿಂಗ್ ಟಾಕೀಸಿನ ಒಳಗಿನ ನೋಟ. ನೆಲದ ಮೇಲೆ ಕುಳಿತ ಹೆಂಗಸರು, ಮಡಿಲಲ್ಲಿ ನಿದ್ದೆ ಹೋದ ಮಕ್ಕಳು, ಹಿಂದೆ ನಿಂತ ಗಂಡಸರು. ಎಲ್ಲರ ಮುಖದ ಮೇಲೆ ಪರದೆಯ ಬೆಳಕು. ಪರದೆ ಮಾತ್ರ ಚಿತ್ರದಲ್ಲಿಲ್ಲ. ನಾನು ಅಲ್ಲಿಯವರೆಗೆ ಬರೆದದ್ದರಲ್ಲೆಲ್ಲ ಅದೇ ಚೆನ್ನಾಗಿತ್ತೆಂದು ನನಗೆ ಗೊತ್ತಿತ್ತು.

ಸಮ್ಮೇಳನದ ದಿನ ಅಪ್ಪ ಅಂಗಡಿಯನ್ನು ಕಾಕಾನಿಗೆ ಒಪ್ಪಿಸಿ ನನ್ನ ಜೊತೆ ಹೊರಟ. ಒಬ್ಬಳನ್ನೇ ಕಳಿಸುವ ಪ್ರಶ್ನೆಯೇ ಇರಲಿಲ್ಲ. ಬಸ್ಸಿನಲ್ಲಿ ಚಿತ್ರಗಳ ಸುರುಳಿಯನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ನಾನು ಕುಳಿತರೆ, ಅಪ್ಪ ಪಕ್ಕದವರಿಗೆಲ್ಲ, "ನನ್ನ ಮಗಳ್ರಿ. ಬಣ್ಣದ ಹಾಳಿ ಮಾರಾಕ ಹೊಂಟಾಳ" ಎನ್ನುತ್ತ ನಗುತ್ತಿದ್ದ. ನಾನು ರಾಯಚೂರು ಬರುವವರೆಗೆ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ಪ್ರದರ್ಶನಕ್ಕೆ ಕೊಟ್ಟದ್ದು ಒಂದು ಅಕ್ಕಿ ಗಿರಣಿಯ ಗೋದಾಮು. ಚೀಲಗಳನ್ನು ಒಂದು ಬದಿಗೆ ಒಟ್ಟಿ, ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿದ್ದರು. ಬಟ್ಟೆ ಒಣಹಾಕುವ ಕ್ಲಿಪ್ಪುಗಳಿಂದ ಚಿತ್ರ ತೂಗುಹಾಕಬೇಕು. ಮೇಲಿನಿಂದ ತೌಡಿನ ಧೂಳು ಉದುರುತ್ತಿತ್ತು. ಬೇರೆಯವರೂ ಚಿತ್ರ ತಂದಿದ್ದರು, ಎಲ್ಲವೂ ಧಣಿಯವೇ. ಸಂಘದ ಕಾರ್ಯದರ್ಶಿ ಪಂಪಾಪತಿ, ಎದೆಯ ಮೇಲೆ ಧಣಿಯ ಬಿಲ್ಲೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದವನು, ನನ್ನ ಐದನೆಯ ಚಿತ್ರದ ಮುಂದೆ ನಿಂತ.

"ಅಕ್ಕಾರ, ಇದರಾಗ ಧಣಿ ಎಲ್ಲಿ ಅದಾರ್ರಿ?"

"ಇವರೆಲ್ಲ ಧಣೀನ ನೋಡಾಕತ್ತಾರ್ರಿ."

"ಅದು ಖರೆ. ಆದ್ರ ಧಣಿ ಎಲ್ಲಿ?"

"ಪರದಿ ಮ್ಯಾಲ ಅದಾರ."

"ಪರದಿ ಎಲ್ಲಿ ಅದ?"

ನಾನು ಕ್ಲಿಪ್ಪು ಬಿಗಿ ಮಾಡತೊಡಗಿದೆ. ಉತ್ತರ ಕೊಟ್ಟಿದ್ದರೆ ಜಗಳವಾಗುತ್ತಿತ್ತು. ಕೊನೆಗೆ ಅದನ್ನು ಬಾಗಿಲ ಹಿಂದೆ, ಯಾರ ಕಣ್ಣಿಗೂ ಬೀಳದಂಥ ಮೂಲೆಗೆ ಹಾಕಿಸಿದ. ಆ ದಿನ ಬಂದವರಲ್ಲಿ ಅಪ್ಪಿತಪ್ಪಿ ಆ ಮೂಲೆಗೆ ಹೋದವರೆಲ್ಲ ಅದೇ ಪ್ರಶ್ನೆ ಕೇಳಿದರು. ಒಬ್ಬನಂತೂ ಚಿತ್ರವನ್ನು ಎತ್ತಿ ಅದರ ಬೆನ್ನು ನೋಡಿದ, ಧಣಿ ಅಲ್ಲೇನಾದರೂ ಇದ್ದಾನೆಯೇ ಎಂದು!

ಜನ ಬರಲು ಶುರುವಾದ ಮೇಲೆ ನನ್ನ ನಿಜವಾದ ಗ್ರಹಚಾರ ಶುರುವಾಯಿತು. ಚಿತ್ರ ನೋಡಲು ಬರುತ್ತಾರೆ ಎಂದುಕೊಂಡಿದ್ದೆ, ಇವರು ದರ್ಶನಕ್ಕೆ ಬಂದರು. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಕೈಮುಗಿದು ಒಳಗೆ ಬಂದರು. ರೈತ ವೇಷದ ಚಿತ್ರಕ್ಕೆ ಒಬ್ಬ ಚೆಂಡುಹೂವಿನ ಹಾರ ಹಾಕಿದ. ಆ ಭಾರಕ್ಕೆ ಹಾಳೆಯ ಮೂಲೆ ಹರಿಯಿತು. ಪೊಲೀಸ್ ಧಣಿಯ ಹಣೆಗೆ ಇನ್ನೊಬ್ಬ ಒದ್ದೆ ಕುಂಕುಮ ಹಚ್ಚಿದ. ಮೂರನೆಯವನು ಕುದುರೆಯ ಕೆಳಗೆ ಊದಿನಕಡ್ಡಿ ಸಿಕ್ಕಿಸಿ, ಕುದುರೆಯ ಬಾಲ ಸುಟ್ಟ. "ಮುಟ್ಟಬ್ಯಾಡ್ರಿ, ಇವು ಮಾರಾಕ ಇಟ್ಟಿದ್ದು" ಎಂದು ಕೂಗಿ ಕೂಗಿ ನನ್ನ ಗಂಟಲು ಬಿತ್ತು.

"ಮಾರಾಕ?" ಎಂದು ಹಾರ ಹಾಕಿದವನು ನನ್ನನ್ನೇ ದುರುಗುಟ್ಟಿ ನೋಡಿದ. "ಧಣಿಗೆ ಬೆಲಿ ಕಟ್ಟತೀರೇನ್ರಿ ಅಕ್ಕಾರ? ಪೂಜಿ ಆದ ಮ್ಯಾಲ ಯಾರರ ಮಾರತಾರೇನು?"

ಪೂಜೆ ಮಾಡಿದವನೂ ಅವನೇ, ಪೂಜೆಯಾಗಿದೆ, ಮಾರಬೇಡಿ ಎನ್ನುವವನೂ ಅವನೇ. ಅಪ್ಪ ಅಕ್ಕಿ ಚೀಲದ ಮೇಲೆ ಕುಳಿತು ಕಡಲೆ ತಿನ್ನುತ್ತ ಎಲ್ಲ ನೋಡುತ್ತಿದ್ದ. ಅದಕ್ಕೇ ನನಗೆ ಇನ್ನಷ್ಟು ಉರಿಯಿತು.

ಇನ್ನು ಉಳಿದದ್ದು ದೊಡ್ಡ ಮುಖದ ಚಿತ್ರ. ಅದನ್ನು ಅಷ್ಟು ಎತ್ತರಕ್ಕೆ ಕಟ್ಟಿದ್ದರಿಂದ ಯಾರ ಕೈಗೂ ಎಟುಕಿರಲಿಲ್ಲ. ಅದಾದರೂ ಮಾರಾಟವಾದೀತೆಂಬ ಆಸೆಯಿಂದ ಅದರ ಕೆಳಗೆ ನಿಂತಿದ್ದೆ. ಆಗ ಪಂಪಾಪತಿ ಓಡಿ ಬಂದ. ಬಳ್ಳಾರಿಯಿಂದ ಧಣಿಯ ದೊಡ್ಡ ಕಟೌಟ್ ತರುತ್ತಿದ್ದ ಲಾರಿ ಮಾನ್ವಿಯ ಹತ್ತಿರ ಕೆಟ್ಟು ನಿಂತಿದೆಯಂತೆ. ಉದ್ಘಾಟನೆಯ ಹೊತ್ತು ಮೀರುತ್ತಿದೆಯಂತೆ. ನಾನು ಬಾಯಿ ತೆರೆಯುವಷ್ಟರಲ್ಲಿ ಇಬ್ಬರು ಏಣಿ ಹತ್ತಿ ನನ್ನ ಚಿತ್ರ ಬಿಚ್ಚಿ ಅಂಗಳಕ್ಕೆ ಒಯ್ದರು. ಮೆರವಣಿಗೆಗೆ ಒಯ್ಯುತ್ತಾರೆ ಎಂದುಕೊಂಡು ಹಿಂದೆಯೇ ಓಡಿದೆ. ಹೋಗಿ ನೋಡುತ್ತೇನೆ, ಚಿತ್ರವನ್ನು ಕುರ್ಚಿಯ ಬೆನ್ನಿಗೆ ಕಟ್ಟಿ, ಹಲಗೆ ಬಾರಿಸುತ್ತ, ಜಯಕಾರ ಹಾಕುತ್ತ, ಒಬ್ಬ ಕ್ಯಾನಿನಿಂದ ಹಾಲು ಸುರಿಯುತ್ತಿದ್ದಾನೆ.

ಜಲವರ್ಣದ ಮೇಲೆ ಹಾಲು!

ಮೊದಲು ಹುಬ್ಬು ಇಳಿಯಿತು. ಆಮೇಲೆ ಮೀಸೆ ಗದ್ದಕ್ಕೆ ಬಂತು. ಧಣಿಯ ಕೆಂಪು ಕಾಲರಿನ ಬಣ್ಣ ಹಾಲಿನ ಜೊತೆ ಸೇರಿ ಕುರ್ಚಿಯ ಕಾಲಿನಿಂದ ಹರಿಯಿತು. ಹಲಗೆ ನಿಂತುಹೋಯಿತು. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು.

"ಎಂಥಾ ಬಣ್ಣ ಹಚ್ಚೀರ್ರಿ? ಧಣಿ ಮಾರಿ ತೊಳದು ಹೋತಲ್ರಿ!" ಎಂದ ಹಾಲು ಸುರಿದವನು. "ಬೇಕಂತ ಮಾಡ್ಯಾಳ" ಎಂದ ಯಾರೋ ಹಿಂದಿನಿಂದ. ಜನ ಹತ್ತಿರ ಹತ್ತಿರ ಬಂದರು.

ಅಷ್ಟರಲ್ಲಿ ಅಪ್ಪ ಗುಂಪಿನೊಳಗೆ ನುಗ್ಗಿ ಬಂದ. ಅವನ ಹೆಗಲ ಮೇಲಿನ ವಲ್ಲಿ ಎಲ್ಲಿ ಬಿತ್ತೋ ದೇವರಿಗೇ ಗೊತ್ತು.

"ಏನ್ರೋ, ನೋಡಾಕ ಬರದದ್ದರ ಮ್ಯಾಲ ಹಾಲು ಸುರದು ಬಣ್ಣ ಸರಿ ಇಲ್ಲ ಅಂತೀರಿ? ನಿಮ್ಮ ಮನ್ಯಾಗಿನ ಕ್ಯಾಲೆಂಡರ್ ಒಯ್ದು ಕೊಡದಾಗ ಅದ್ದತೀರೇನು? ನನ್ನ ಮಗಳು ರಾತ್ರಿ ಹಗಲು ಕಣ್ಣು ಕೆಡಿಸಿಕೊಂಡು ಬರದಾಳ! ಅದು ಚಿತ್ರ ಐತಿ, ನಿಮ್ಮ ಕಲ್ಲಿನ ಮೂರ್ತಿ ಅಲ್ಲ!"

ಅಪ್ಪನ ದನಿ ಕೇಳಿ ನನಗೇ ಹೆದರಿಕೆಯಾಯಿತು. ಗುಂಪು ಗೊಣಗುತ್ತ ಚದುರಿತು. ಅವನು ನನ್ನ ಚಿತ್ರಗಳನ್ನು ಮನೆಯಲ್ಲಿ ಎಂದೂ ಕಣ್ಣೆತ್ತಿ ನೋಡಿದವನಲ್ಲ. ಆದರೆ ನಾನು ಬರೆಯುವಾಗ ನನ್ನನ್ನು ನೋಡುತ್ತಿದ್ದನೆಂದು ಅಂದೇ ನನಗೆ ಗೊತ್ತಾದದ್ದು.

ಏನಾದರೇನು, ನಾಲ್ಕೂ ಹೀರೊಗಳು ಹಾಳಾಗಿದ್ದರು. ಗುಲಬರ್ಗಾ ಕೈಬಿಟ್ಟ ಹಾಗೆಯೇ. ಮೂಲೆಯ ಚಿತ್ರವನ್ನಾದರೂ ಸುತ್ತಿಕೊಂಡು ಹೋಗೋಣವೆಂದು ಗೋದಾಮಿಗೆ ಬಂದೆ. ಅದರ ಮುಂದೆ ಬಿಳಿ ಗಡ್ಡದ ಸಾಬರೊಬ್ಬರು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಧಣಿ ಎಲ್ಲಿ ಎಂದು ಕೇಳುತ್ತಾರೆಂದು ನಾನು ಮೊದಲೇ ಮುಖ ಗಂಟಿಕ್ಕಿಕೊಂಡೆ.

"ಇದು ನೀ ಬರದಿದ್ದೇನು ಬೇಟಿ?" ಎಂದರು. "ನನ್ನ ಹೆಸರು ಖಾಜಾಸಾಬ್, ಮಾನ್ವಿಯಂವ. ಟೂರಿಂಗ್ ಟಾಕೀಸ್ ನಡಸ್ತೀನಿ. ಕೆಳಗ ದೇವದುರ್ಗ ಅಂತ ಬರದೀಯಲ್ಲ, ಅಲ್ಲೂ ಡೇರೆ ಹಾಕಿದ್ದೆ. ಇಷ್ಟು ವರ್ಷ ಈ ಮಂದಿ ಬೆನ್ನ ನೋಡೀನಿ ನಾನು, ಮಷೀನ್ ಹಿಂದ ನಿಂತು. ಮಾರಿ ಇವತ್ತ ನೋಡಾಕತ್ತೀನಿ. ಏನು ಕೊಡಬೇಕು ಹೇಳು. ಟಿಕೀಟ್ ಕಿಡಕಿ ಬಾಜೂಕ ಹಾಕತೀನಿ."

ಬೆಳಗಿನಿಂದ ಬೆಲೆ ಕೇಳಿದ ಮೊದಲ ಮನುಷ್ಯ! ಹೊರಗಿನವರು, ನಿಜವಾದ ಗಿರಾಕಿ. ನಾನು ಬೆಲೆ ಹೇಳಿದೆ, ಅವರು ಒಪ್ಪಿಕೊಂಡು ಜೇಬಿಗೆ ಕೈ ಹಾಕಿದರು. ಅಪ್ಪನನ್ನು ಸಾಕ್ಷಿಗೆ ಕರೆದೆ. ಅಪ್ಪ ಬಂದ, ಅಂದು ಮೊದಲ ಬಾರಿಗೆ ಆ ಚಿತ್ರವನ್ನು ಸರಿಯಾಗಿ ನೋಡಿದ. ನೋಡಿದವನೇ ಕೆಂಪಗಾದ.

ಹಿಂದೆ ಡೇರೆಯ ಬಿದಿರ ಬೊಂಬಿಗೆ ಒರಗಿ, ತಲೆಯ ಮೇಲೆ ವಲ್ಲಿ ಹೊದ್ದು, ಬಾಯಿ ತೆರೆದು ನಿಂತ ಒಬ್ಬ ಗಂಡಸು ಆ ಚಿತ್ರದಲ್ಲಿದ್ದ. ಅವನು ನಮ್ಮಪ್ಪನೇ. ಅವ್ವನ ಜೊತೆ ನಾನು ಟಾಕೀಸಿಗೆ ಹೋದಾಗಲೆಲ್ಲ, ಯಾರಿಗೂ ಗೊತ್ತಾಗುವುದಿಲ್ಲವೆಂದುಕೊಂಡು ಅವನು ಹಾಗೆ ಕತ್ತಲಲ್ಲಿ ಬಂದು ನಿಲ್ಲುವುದನ್ನು ಕಂಡಿದ್ದೆ. ವಿಭೂತಿಯನ್ನೂ ಬಿಡದೆ ಬರೆದಿದ್ದೆ.

ಖಾಜಾಸಾಬರು ಚಿತ್ರವನ್ನೊಮ್ಮೆ, ಅಪ್ಪನನ್ನೊಮ್ಮೆ ನೋಡಿದರು. "ಅರೆ, ನೀವ ಅಲ್ಲೇನ್ರಿ ಯಜಮಾನ್ರ? ಕುಂದರ್ರಿ ಅಂದ್ರ ಒಂದ ದಿನ ಕುಂದರಲಿಲ್ಲ!"

"ಇದು ಮಾರಾಕಿಲ್ಲ" ಎಂದ ಅಪ್ಪ.

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. "ಯಪ್ಪಾ! ಮಾರಿದ್ರ ಕಳಸ್ತೀನಿ ಅಂದಾವನೂ ನೀನ, ಈಗ ಮಾರಾಕಿಲ್ಲ ಅನ್ನಾವನೂ ನೀನ. ಆ ಹಾಲು ಸುರದವರಿಗೂ ನಿನಗೂ ಏನು ಫರಕ?"

"ನನ್ನ ಮಾರಿ ಟಿಕೀಟ್ ಕಿಡಕ್ಯಾಗ ತೂಗಬೇಕೇನ ಬೇ? ಇಡೀ ದೇವದುರ್ಗ ನೋಡಲೇನು?"

"ಹಂಗಾರ ನನ್ನ ಗುಲಬರ್ಗಾ?"

ನನ್ನ ಕಣ್ಣಲ್ಲಿ ನೀರು ಬಂದಿತ್ತು, ಒರೆಸಿಕೊಳ್ಳಲೂ ಇಲ್ಲ. ಖಾಜಾಸಾಬರು ರೊಕ್ಕವನ್ನು ಮತ್ತೆ ಜೇಬಿಗಿಟ್ಟು, "ತಂದಿ ಮಗಳ ಮಾತಿನಾಗ ನಾ ಬರೂದಿಲ್ಲ. ಆದ್ರ ಯಜಮಾನ್ರ, ಆ ಹುಡುಗಿ ಮಾತು ಖರೆ ಅದ" ಎಂದಷ್ಟೇ ಹೇಳಿ ಹೊರಗೆ ಹೋದರು.

ಅಪ್ಪ ಸ್ವಲ್ಪ ಹೊತ್ತು ಚಿತ್ರದೊಳಗಿನ ತನ್ನನ್ನೇ ನೋಡುತ್ತ ನಿಂತಿದ್ದ. ಆಮೇಲೆ ಕ್ಲಿಪ್ಪು ಬಿಚ್ಚಿ, ಹಾಳೆಯನ್ನು ಸುರುಳಿ ಮಾಡಿಕೊಂಡು, ನೆಟ್ಟಗೆ ಪಂಪಾಪತಿಯ ಮೇಜಿನ ಕಡೆ ನಡೆದ. ಮಾರಾಟ ಅಲ್ಲೇ ಆಗಬೇಕು, ಕೊಂಡವರ ಹೆಸರನ್ನು ಮೈಕಿನಲ್ಲಿ ಹೇಳುತ್ತಾರೆ ಎಂಬುದು ಸಂಘದ ನಿಯಮವಾಗಿತ್ತು. ಬೆಳಗಿನಿಂದ ಮೈಕಿಗೆ ಆ ಕೆಲಸ ಬಿದ್ದಿರಲಿಲ್ಲ.

ಅಲ್ಲಿ ಅಪ್ಪ ನನ್ನನ್ನು ಬೆಲೆ ಕೇಳಿದ. ಖಾಜಾಸಾಬರಿಗೆ ಹೇಳಿದ್ದನ್ನೇ ಹೇಳಿದೆ. "ಜಾಸ್ತಿ ಆತು" ಎಂದು ಚೌಕಾಸಿಗೆ ಇಳಿದ! ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಒಂದು ರೂಪಾಯಿಯನ್ನೂ ಇಳಿಸುವುದಿಲ್ಲ ಎಂದೆ. ಗೊಣಗುತ್ತಲೇ ಪೂರ್ತಿ ರೊಕ್ಕ ತೆಗೆದು ಮೇಜಿನ ಮೇಲಿಟ್ಟ. ಚಿತ್ರ ಹಾಳುಮಾಡಿದವರೇ ಅದರಲ್ಲಿ ತಮ್ಮ ಪಾಲು ಮುರಿದುಕೊಂಡು ಉಳಿದದ್ದನ್ನು ನನಗೆ ಕೊಟ್ಟರು.

ಪಂಪಾಪತಿ ಮೈಕು ಕೈಗೆತ್ತಿಕೊಂಡು ಅಪ್ಪನ ಮುಖವನ್ನೇ ನೋಡಿದ. ಅಂಗಳದಲ್ಲಿ ಮಗಳು ಮಗಳು ಎಂದು ಕೂಗಾಡಿದ್ದನ್ನು ಅವನೇನು ಮರೆತಿರಲಿಲ್ಲ.

"ಯಜಮಾನ್ರ, ಹೆಸರು ಹೇಳಬೇಕ್ರಿ. ಇವರು ನಿಮಗ ಏನಾಗಬೇಕು?"

ಅಪ್ಪ ನನ್ನ ಕಡೆ ನೋಡಲಿಲ್ಲ.

"ಏನೂ ಆಗಬೇಕಿಲ್ಲ" ಎಂದ. "ನಾ ಹೊರಗಿನ ಗಿರಾಕಿ."

ಆ ಜೂನ್ ತಿಂಗಳಲ್ಲಿ ನಾನು ಗುಲಬರ್ಗಾಕ್ಕೆ ಹೋದೆ, ಬಿಟ್ಟುಬಂದವನೂ ಅಪ್ಪನೇ. ಆಮೇಲೆ ಎಷ್ಟೋ ವರ್ಷ ಶಾಲೆಯಲ್ಲಿ ಮಕ್ಕಳಿಗೆ ಚಿತ್ರ ಕಲಿಸಿದೆ. ಹಾಲಿನಲ್ಲಿ ಕರಗಿದ ಆ ಮೀಸೆ ನೆನಪಾದರೆ ಇಂದಿಗೂ ಮೈ ಉರಿಯುತ್ತದೆ. ಅಪ್ಪ ಈಗಿಲ್ಲ. ಅವನು ನನ್ನನ್ನು ಮಗಳೇ ಎಂದು ಕರೆದದ್ದು ಲೆಕ್ಕವಿಲ್ಲದಷ್ಟು ಸಲ. ಆದರೆ ಅಷ್ಟು ಜನರ ಮುಂದೆ ನಾನು ಅವನಿಗೆ ಏನೂ ಆಗಬೇಕಿಲ್ಲ ಎಂದನಲ್ಲ, ಮಗಳೆಂದು ಅವನು ನನಗಾಗಿ ಆಡಿದ ಮಾತುಗಳಲ್ಲಿ ಅದಕ್ಕಿಂತ ದೊಡ್ಡದು ಇನ್ನೊಂದಿಲ್ಲ.