ಬೆಚ್ಚಗಿದ್ದ ಬಾನೆಟ್ಟು

ಮೂವತ್ತೊಂದು ವರ್ಷ ಶಾಲೆ ಬಸ್ಸು ಓಡಿಸಿದ ನಮ್ಮ ಅಮೆರಿಕದ ನೆಬ್ರಾಸ್ಕದ ಲೊರೀನ್, ಮನೆ ಮಾರಿ ಉದ್ದನೆಯ ಟ್ರೈಲರ್ ಮನೆ ಕೊಂಡಳು. ಅದರ ಕೊಂಡಿಯನ್ನು ಹಿಂಬದಿಯ ಸರಕು ತೊಟ್ಟಿಯಲ್ಲೇ ಹೊತ್ತು ಎಳೆಯುವಂಥ ಹಳೆಯ ಡೀಸೆಲ್ ಪಿಕಪ್ ಟ್ರಕ್ಕು ಬೇಕಿತ್ತು. ಡೀಸೆಲ್ ಎಂಜಿನ್ನಿನ ಕಾಯಿಲೆ ಬಯಲಾಗುವುದು ತಣ್ಣಗಿದ್ದಾಗ. ಅದಕ್ಕೇ, ತಾನು ಬರುವವರೆಗೂ ಸ್ಟಾರ್ಟ್ ಮಾಡಬೇಡ ಎಂದು ಅಂಥದೊಂದನ್ನು ಮಾರಲಿಟ್ಟಿದ್ದ ಕರ್ಟಿಸ್‌ಗೆ ಫೋನಿನಲ್ಲೇ ಹೇಳಿದ್ದಳು. ಹೋಗಿ ಬಾನೆಟ್ ಮೇಲೆ ಅಂಗೈ ಇಟ್ಟರೆ ಬೆಚ್ಚಗಿತ್ತು!

"ಚಳಿಯಲ್ವಾ ಅಜ್ಜಿ, ಬಿಸಿ ಮಾಡಿಟ್ಟೆ. ನಿಮಗಿದೆಲ್ಲ ಗೊತ್ತಾಗಲ್ಲ, ಯಜಮಾನ್ರನ್ನ ಕರ್ಕೊಂಡ್ ಬನ್ನಿ."

"ಹಿಂದಿನ ಟ್ರಕ್ಕು ಆರಿಸಿದ್ದು ಅವನೇ ಕಣಯ್ಯ. ಅದಕ್ಕೇ ಈಗ ನಾನು ಬಂದಿರೋದು."

ಮಡಚುವ ಕುರ್ಚಿ ತಂದು ಟ್ರಕ್ಕಿನೆದುರೇ ನಾಲ್ಕು ಗಂಟೆ ಕೂತಳು. ಆಮೇಲೆ ಕೀಲಿ ತಿರುಗಿಸಿದರೆ, ತಣ್ಣಗಾದ ಎಂಜಿನ್ ಆರು ಸಲ ಕೆಮ್ಮಿ, ಬಿಳಿ ಹೊಗೆ ಕಾರಿ ಸುಮ್ಮನಾಯಿತು.

ಲೊರೀನ್ ಕುರ್ಚಿ ಮಡಚಿದಳು. "ಪಕ್ಕದೂರಲ್ಲೂ ಒಬ್ಬ ಟ್ರಕ್ಕು ಮಾರ್ತಿದಾನೆ. ಅವನಿಗೆ ಫೋನ್ ಮಾಡಿ ಹೇಳು, ಅಜ್ಜಿ ಕುರ್ಚಿ ತಗೊಂಡೇ ಬರ್ತಿದಾಳೆ ಅಂತ."