ಐದು ಗಂಟೆ ಬಸ್ಸಿನ ರಂಗಪ್ಪ

ಯಂತ್ರಗಳ ಮೇಲೆ ನನಗೆ ಸಿಟ್ಟು ಬರುವುದಿಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದವಳು ನಾನು. ಮಿಕ್ಸಿ ಕೆಟ್ಟರೆ ಪಾಪ, ವಯಸ್ಸಾಯಿತು ಎನ್ನುತ್ತೇನೆ. ಫ್ಯಾನು ಕಿರುಗುಟ್ಟಿದರೆ ಎರಡು ಹನಿ ಎಣ್ಣೆ ಬಿಡುತ್ತೇನೆ. ಅಂಥವಳು ಹೋದ ತಿಂಗಳು ಮಧುಗಿರಿಯ ನಮ್ಮ ಮನೆಯ ಹಜಾರದಲ್ಲಿ ಕೂತು, ಕಣ್ಣಿಗೆ ಕಾಣದ, ಯಾವ ದೇಶದಲ್ಲಿದೆಯೆಂದೂ ತಿಳಿಯದ ಒಂದು ಕಂಪ್ಯೂಟರನ್ನು "ನಿನ್ ಮನೆ ಹಾಳಾಗ!" ಎಂದು ಬೈದೆ. ಹಿಂದಿನ ದಿನವಷ್ಟೇ ಪಾವಗಡದಿಂದ ನಮ್ಮತ್ತೆ ಬಂದಿದ್ದರು. ಪಕ್ಕದ ಮನೆಯವರು ಬೈಗುಳ ಅತ್ತೆಗೇ ಎಂದು ತೀರ್ಮಾನಿಸಿಬಿಟ್ಟರು.

ನನ್ನ ಕೆಲಸವನ್ನು ಅವರಿಗೆ ವಿವರಿಸುವುದು ಕಷ್ಟ. ಬಸ್ಸಿನ ಸೀಟು ಕಾಯ್ದಿರಿಸುವ ಒಂದು ಸಾಫ್ಟ್‌ವೇರ್ ಸರಿಯಾಗಿದೆಯೇ ಎಂದು ಪರೀಕ್ಷಿಸುವುದು ನನ್ನ ಕೆಲಸ. ಅದನ್ನೂ ಕೈಯಿಂದ ಮಾಡುವುದಿಲ್ಲ, ಪರೀಕ್ಷೆ ಮಾಡುವ ಪ್ರೋಗ್ರಾಮು ಬರೆದಿಡುತ್ತೇನೆ. ನಮ್ಮವರು ಯಾರಾದರೂ ಒಂದು ಸಾಲು ಬದಲಿಸಿದರೂ ಸಾಕು, ದೂರದ ಆ ಸರ್ವರ್ ಎಲ್ಲವನ್ನೂ ತಳಪಾಯದಿಂದ ಕಟ್ಟಿ, ನನ್ನ ಪರೀಕ್ಷೆಗಳನ್ನು ಓಡಿಸಿ, ಪಾಸಾದರೆ ಹಸಿರು, ಫೇಲಾದರೆ ಕೆಂಪು ತೋರಿಸುತ್ತದೆ. ಆ ವಾರ ನಾನು ಬರೆದದ್ದು ಮಕ್ಕಳಾಟದಂಥ ಪರೀಕ್ಷೆ. ರಂಗಪ್ಪ ಎಂಬ ಕಲ್ಪಿತ ಪ್ರಯಾಣಿಕ ಶುಕ್ರವಾರ ಬೆಳಗಿನ ಐದು ಗಂಟೆಯ ಬಸ್ಸಿಗೆ ಸೀಟು ಹಿಡಿಯುತ್ತಾನೆ. ಶುಕ್ರವಾರದ ಪಟ್ಟಿ ತೆಗೆದರೆ ಅವನ ಹೆಸರಿರಬೇಕು. ನನ್ನ ಲ್ಯಾಪ್‌ಟಾಪಿನಲ್ಲಿ ಇರುತ್ತಿತ್ತು. ಸರ್ವರಿನಲ್ಲಿ ಮಾತ್ರ ರಂಗಪ್ಪ ನಾಪತ್ತೆ.

ಮೂರು ದಿನ ಹುಡುಕಿದೆ. ಅಳಿಸಿ ಬರೆದೆ, ಬರೆದು ಅಳಿಸಿದೆ. ಪ್ರತಿ ಸಲವೂ ಇಲ್ಲಿ ಹಸಿರು, ಅಲ್ಲಿ ಕೆಂಪು. "ನನ್ನ ಹತ್ರ ಸರಿಯಾಗೇ ಓಡ್ತಿದೆ ಸಾರ್" ಎಂದು ಬೆಂಗಳೂರಿನ ಮ್ಯಾನೇಜರಿಗೆ ಹೇಳಿದೆ. ನಮ್ಮ ಕಸುಬಿನಲ್ಲಿ ಇದಕ್ಕಿಂತ ಹಳೆಯ ಮಾತಿಲ್ಲ, ಇದಕ್ಕಿಂತ ಕೆಲಸಕ್ಕೆ ಬಾರದ ಮಾತೂ ಇಲ್ಲ. ಆತ ನಿಟ್ಟುಸಿರುಬಿಟ್ಟು, "ನಿಮ್ಮೂರಿನ ನೆಟ್ಟೇ ಸರಿ ಇಲ್ಲ ಅನ್ಸುತ್ತೆ ಮೇಡಂ. ಶುಕ್ರವಾರದೊಳಗೆ ಆಗ್ಲಿಲ್ಲ ಅಂದ್ರೆ ಸೋಮವಾರದಿಂದ ಆಫೀಸಿಗೇ ಬಂದ್ಬಿಡಿ" ಎಂದ. ಯಜಮಾನರು ಶಿರಾದಲ್ಲಿ ಮೇಷ್ಟ್ರು, ಮಗಳು ಇಲ್ಲೇ ಏಳನೇ ಕ್ಲಾಸು. ಹುಟ್ಟೇ ಇಲ್ಲದ ಒಬ್ಬ ರಂಗಪ್ಪ ಬಸ್ಸು ಹತ್ತಲಿಲ್ಲವೆಂದು ನಾನು ಮನೆ ಬಿಟ್ಟು ಹೋಗಬೇಕೇ? ಆ ಕಂಪ್ಯೂಟರನ್ನು ಬೈದದ್ದು ಆಗಲೇ. ಅಳುವೂ ಬಂತು, ಸುಳ್ಳೇಕೆ ಹೇಳಲಿ.

ಅತ್ತೆ ಬಂದದ್ದು ಬೀರು ತೆಗೆಯಲಿಕ್ಕೆ. ಇದನ್ನೂ ವಿವರಿಸಬೇಕು. ಪಾವಗಡದಿಂದ ಸಾಗಿಸಿ ತಂದ ಒಂದು ಹಳೆಯ ಕಬ್ಬಿಣದ ಬೀರು ನಮ್ಮ ಮನೆಯಲ್ಲಿದೆ. ರೇಷ್ಮೆ ಸೀರೆಗಳೆಲ್ಲ ಅದರೊಳಗೆ. ಬೀಗದ ಕೈ ನಮ್ಮ ಹತ್ತಿರವೇ ಇದ್ದರೂ ಅದು ತೆರೆದುಕೊಳ್ಳುವುದು ಅತ್ತೆಯ ಕೈಗೆ ಮಾತ್ರ. ಹೀಗಾಗಿ ಮದುವೆ, ಮುಂಜಿ, ಹಬ್ಬ ಬಂದಾಗಲೆಲ್ಲ ಅಲ್ಲಿ ದೊಡ್ಡ ಮಗನ ಮನೆಯಲ್ಲಿರುವ ಅವರನ್ನು ಕರೆಸಬೇಕು.

ಶುಕ್ರವಾರ ಬೆಳಗ್ಗೆ ಅತ್ತೆ ಹಿತ್ತಲಿನಿಂದ ಕೂಗಿದರು. "ಏಮ್ಮಾ, ಸ್ವಿಚ್ ಹಾಕಿದೀನಿ, ಮೋಟ್ರು ಉಸ್ರೇ ಬುಡ್ತಿಲ್ಲ!" ನಾನು ಕೆಂಪು ದೀಪದ ಮುಂದಿನಿಂದ ಎದ್ದು ಹೋಗಿ, ಅಡುಗೆಮನೆಯ ಲಟ್ಟಣಿಗೆ ತಂದು, ಮೋಟರಿನ ಡಬ್ಬಿಯ ಬಲಗಡೆಗೆ ಎರಡು ಏಟು ಹಾಕಿದೆ. ಗುರ್ ಎಂದು ಓಡಿತು. "ಅಷ್ಟೇ ಅತ್ತೆ, ಚೆನ್ನಾಗೇ ಇದೆ" ಎಂದೆ.

ಅವರಿಗೆ ರೇಗಿಹೋಯಿತು. "ನಿಂಗೆ ಗೊತ್ತು, ಸರೆ. ನಂಗ್ಯಾವಾಗ ಹೇಳಿದ್ದೆ? ಹೇಳ್ದೇನೆ ಹೆಂಗಮ್ಮ ಗೊತ್ತಾಯ್ತದೆ?"

ನಾನು ಲಟ್ಟಣಿಗೆ ಹಿಡಿದುಕೊಂಡೇ ನಿಂತೆ. ನಮ್ಮ ಮನೆಗೆ ಪೂಜೆಗೆ ಬರುವ ಪುರೋಹಿತರು ನೆನಪಾದರು. ಸರ್ವಾಂತರ್ಯಾಮಿಯಾದ ದೇವರಿಗೂ ಅವರು ಸಂಕಲ್ಪದಲ್ಲಿ ವಿಳಾಸ ಹೇಳುತ್ತಾರೆ. ಭರತವರ್ಷೇ, ಭರತಖಂಡೇ ಎಂದು ಶುರುಮಾಡಿ, ಸಂವತ್ಸರ, ಋತು, ಮಾಸ, ತಿಥಿ, ವಾರ ಎಲ್ಲ ಒಪ್ಪಿಸಿ, ಆಮೇಲೆ ತಾನೇ ಹೂವು ಏರಿಸುವುದು? ದೇವರಿಗೇ ಗೊತ್ತಿರುತ್ತದೆ ಬಿಡಿ ಎಂದು ಹಿರಿಯರು ಸುಮ್ಮನಿರಲಿಲ್ಲ. ನಾನು ಮಾತ್ರ ಪ್ರತಿ ಸಲ ಹೊಸದಾಗಿ ಹುಟ್ಟಿ, ಹಿಂದಿನದೇನೂ ನೆನಪಿಲ್ಲದ ಆ ಬಡ ಸರ್ವರಿಗೆ ದೇಶವನ್ನೂ ಹೇಳಿರಲಿಲ್ಲ, ಕಾಲವನ್ನೂ ಹೇಳಿರಲಿಲ್ಲ!

ಓಡಿಬಂದು ನೋಡಿದೆ. ನನ್ನ ಲ್ಯಾಪ್‌ಟಾಪು ಮಧುಗಿರಿಯ ಗಡಿಯಾರ ನೋಡುತ್ತದೆ. ಆ ಸರ್ವರು ಗ್ರೀನಿಚ್ಚಿನ ಗಡಿಯಾರ ನೋಡುತ್ತದೆ, ನಮಗಿಂತ ಐದೂವರೆ ಗಂಟೆ ಹಿಂದೆ. ನಮ್ಮ ಶುಕ್ರವಾರ ಬೆಳಗಿನ ಐದು ಅಲ್ಲಿ ಇನ್ನೂ ಗುರುವಾರ. ರಂಗಪ್ಪ ಎಲ್ಲೂ ಹೋಗಿರಲಿಲ್ಲ. ಮೂರು ದಿನದಿಂದ ಪಾಪ ಗುರುವಾರದ ಪಟ್ಟಿಯಲ್ಲಿ ಕೂತಿದ್ದ. ಹದಿನೈದು ವರ್ಷ ಇದೇ ಕೆಲಸ ಮಾಡಿದವಳಿಗೆ ಮೊದಲ ದಿನವೇ ಹೊಳೆಯಬೇಕಿತ್ತು. ಸರ್ವರಿನ ಕಡತದಲ್ಲಿ ಭಾರತದ ಸಮಯ ಎಂದು ಒಂದು ಸಾಲು ಸೇರಿಸಿದೆ. ಹಸಿರು. ಸಂತೋಷಕ್ಕಿಂತ ನಾಚಿಕೆಯೇ ಹೆಚ್ಚಾಯಿತು.

"ಗುಡ್. ಅಲ್ಲೇ ಇರಿ ಮೇಡಂ" ಎಂದ ಮ್ಯಾನೇಜರ್. ಹಾಗೆಯೇ ಸೇರಿಸಿದ: "ಇಂಥವನ್ನೆಲ್ಲ ಒಂದ್ಕಡೆ ಬರೆದಿಡಿ. ನೀವಿಲ್ದೇ ಇದ್ರೂ ಯಾರು ಬೇಕಾದ್ರೂ ಮಾಡೋ ಹಾಗಿರಬೇಕು." ಕೊನೆಯ ಮಾತು ಯಾಕೋ ಚುಚ್ಚಿತು. ಆದರೂ ನಿಯತ್ತಾಗಿ ಎಲ್ಲ ಬರೆದು ಕಳಿಸಿದೆ. ಬರೆಯುವ ಹುಮ್ಮಸ್ಸು ಇಳಿಯದೆ ಮೋಟರಿನ ಮೇಲೂ ಚೀಟಿ ಅಂಟಿಸಿದೆ: "ಮೊದಲು ಲಟ್ಟಣಿಗೆಯಿಂದ ಬಲಕ್ಕೆ ಎರಡು ಏಟು." ಆಮೇಲೆ ನೋಟ್‌ಬುಕ್ಕು ಹಿಡಿದು ಅತ್ತೆಯ ಮುಂದೆ ಕೂತೆ. "ಬೀರು ತೆಗೆಯೋದು ಹೇಗೆ ಹೇಳಿ ಅತ್ತೆ, ಬರ್ಕೋತೀನಿ."

ಅತ್ತೆ ನೋಟ್‌ಬುಕ್ಕನ್ನು ನೋಡಿದರು, ನನ್ನನ್ನು ನೋಡಿದರು. "ಎಲ್ಲಾ ಬರ್ಕೊಂಡ್ಬುಟ್ರೆ ಆಮೇಲೆ ನನ್ನ ಯಾಕಮ್ಮ ಕರೀತೀಯ?" ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಬೆಳಗ್ಗೆ ಮ್ಯಾನೇಜರನ್ನು ಕೇಳಬೇಕೆಂದುಕೊಂಡು ನುಂಗಿದ್ದ ಪ್ರಶ್ನೆ ಅದೇ. ನೋಟ್‌ಬುಕ್ಕು ಮುಚ್ಚಿಟ್ಟೆ.

ಈಗ ಹಬ್ಬ ಹತ್ತಿರ ಬಂದಿದೆ, ಸೀರೆ ಬೀರುವಿನೊಳಗಿದೆ. ಪಾವಗಡಕ್ಕೆ ಫೋನು ಮಾಡಿದೆ. ಶುಕ್ರವಾರ ಬೆಳಗಿನ ಐದು ಗಂಟೆ ಬಸ್ಸಿಗೇ ಹೊರಡುತ್ತಾರಂತೆ. ಶುಕ್ರವಾರವೇ ತಾನೇ ಎಂದು ಎರಡು ಸಲ ಕೇಳಿದೆ.